ಅತ್ತೆಯ ಪಟ್ಟಿ ನನ್ನ ಕಾಲಲ್ಲಿ

ನೋಡಲು ಅದು ಕೈಗಡಿಯಾರದ ಹಾಗಿತ್ತು, ಮುಳ್ಳಿರಲಿಲ್ಲ ಅಷ್ಟೇ. ಬೂದು ಪಟ್ಟಿ, ಅದಕ್ಕೊಂದು ಬೆಂಕಿಪೊಟ್ಟಣದಷ್ಟು ಡಬ್ಬಿ, ಮೂಲೆಯಲ್ಲಿ ಹಸಿರು ದೀಪ. ಕಾಲಿಗೆ ಕಟ್ಟಿಕೊಂಡರೆ ಹೆಜ್ಜೆ ಎಷ್ಟು ಉದ್ದ, ಎಲ್ಲಿ ತಡವರಿಸಿತು, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದಂತೆ. ಅತ್ತೆಗೆ ಕೈಕಾಲು ಬಿಗಿಯುವ ಕಾಯಿಲೆ. ಮನೆಯಲ್ಲಿ ನಡೆಯುತ್ತ ನಡೆಯುತ್ತ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ದಾಂಡೇಲಿಯ ಆಸ್ಪತ್ರೆಗೆ ಹೋದಾಗ ಮಾತ್ರ ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವರಂತೆ ನೆಟ್ಟಗೆ ನಡೆದು ತೋರಿಸುತ್ತಿದ್ದರು. ಅದಕ್ಕೇ ಡಾಕ್ಟರು ಒಂದು ವಾರಕ್ಕೆಂದು ಎರಡು ಪಟ್ಟಿ ಕೊಟ್ಟರು. "ಎದ್ದಾಗಿಂದ ಮಲಗೂತನಕ ಇರಬೇಕ್ರಿ. ಸ್ನಾನಕ್ಕಷ್ಟ ಬಿಚ್ಚರಿ."

ಹಳಿಯಾಳಕ್ಕೆ ಮರಳುವ ಬಸ್ಸಿನಲ್ಲೇ ಅತ್ತೆ ಹೇಳಿದರು, "ಯಾರ್ಯಾರ ಕಾಲಿಗೆ ಕಟ್ಟ್ಯಾರೋ ಏನೋ. ಪೂಜಿ ಮುಗಿಯೂತನಕ ನಾ ಮುಟ್ಟಂಗಿಲ್ಲ ನೋಡವಾ."

"ತೊಳದು ಕೊಡ್ತೇನ್ರಿ ಅತ್ತಿ."

"ಪಟ್ಟಿ ತೊಳೀತಿ. ಡಬ್ಬಿ ತೊಳೀತಿಯೇನು?"

ಅವರ ಪೂಜೆ ಮುಗಿಯಲು ಹತ್ತು ಗಂಟೆಯಾಗುತ್ತಿತ್ತು. ಕಾಲು ಅತಿ ಹೆಚ್ಚು ಕೈಕೊಡುತ್ತಿದ್ದುದೂ ಅದೇ ಹೊತ್ತಿನಲ್ಲಿ.

ಮೊದಲ ದಿನ ಹತ್ತರ ತನಕ ಪಟ್ಟಿಗಳು ಕಿಟಕಿಯಲ್ಲಿ ಸುಮ್ಮನೆ ಬಿದ್ದಿದ್ದವು. ನಾನು ಕಾನ್ವೆಂಟಿನಲ್ಲಿ ಓದಿದವಳು. ಗೊತ್ತಿಲ್ಲದಿದ್ದರೂ ಉತ್ತರದ ಜಾಗ ಖಾಲಿ ಬಿಡಬಾರದು ಎಂದು ಸಿಸ್ಟರ್ ಕಲಿಸಿದ್ದು ಇನ್ನೂ ಮೈಯೊಳಗಿದೆ. ಎರಡನೆಯ ದಿನ ಮುಂಜಾನೆ ಅವನ್ನು ನನ್ನ ಕಾಲಿಗೇ ಕಟ್ಟಿಕೊಂಡೆ. ರೊಟ್ಟಿ ಬಡಿದೆ, ಅರಿವೆ ಒಣಹಾಕಿದೆ, ಹತ್ತಕ್ಕೆ ಬಿಚ್ಚಿ ಅತ್ತೆಗೆ ಕಟ್ಟಿದೆ. ಹೀಗೆ ಆರು ದಿನ. ಮೋಸ ಅನ್ನಿಸಲಿಲ್ಲ, ಅಚ್ಚುಕಟ್ಟು ಅನ್ನಿಸಿತು.

ಮುಂದಿನ ವಾರ ಡಾಕ್ಟರು ಕಂಪ್ಯೂಟರಿನಲ್ಲಿ ಗೆರೆಗಳನ್ನು ನೋಡಿ ಹುಬ್ಬೇರಿಸಿದರು. "ಮುಂಜಾನಿ ನಡಿಗಿ ಭಾಳ ಚಲೋ ಐತ್ರಿ. ಆ ಹೊತ್ತಿನ ಗುಳಿಗಿ ಬದಲಿ ಮಾಡೂದು ಬ್ಯಾಡ."

ಜೊತೆಗೆ ಬಂದಿದ್ದ ನನ್ನ ಗಂಡ ತಾಯಿಯತ್ತ ನೋಡಿ ನಕ್ಕರು. "ಮುಂಜಾನಿ ಕಾಲ ಏಳಂಗಿಲ್ಲ ಅಂತಿದ್ದೆಲ್ಲವಾ. ಮಷೀನು ಸುಳ್ಳ ಹೇಳ್ತೈತೇನು?"

ಅತ್ತೆ ಸೆರಗು ಸರಿಮಾಡಿಕೊಂಡರು. ನಾನು ಡಾಕ್ಟರ ಪೆನ್ನಿನ ಮುಚ್ಚಳ ನೋಡುತ್ತ ಕೂತೆ. ಅದರ ತುದಿಯಲ್ಲಿ ಹಲ್ಲಿನ ಗುರುತಿತ್ತು. ಹೇಳಬಹುದಿತ್ತು. ಆ ಗುರುತು ಎಣಿಸುತ್ತ ಹೊತ್ತು ಕಳೆದೆ.

ಮೂರು ದಿನ ಬಿಟ್ಟು ಒಂದು ಮುಂಜಾನೆ ದೇವರ ಕೋಣೆಯಿಂದ ಗಂಟೆಯ ಸದ್ದು ಬರಲಿಲ್ಲ. ಹೋಗಿ ನೋಡಿದರೆ ಅತ್ತೆ ಹೊಸ್ತಿಲ ಈಚೆ ಬಾಗಿಲಚೌಕಟ್ಟು ಹಿಡಿದು ನಿಂತಿದ್ದಾರೆ. ಉಗುರು ಬೆಳ್ಳಗಾಗಿವೆ. ಒದ್ದೆ ಸೀರೆಯ ನೀರು ನೆಲದಲ್ಲಿ ಆಗಲೇ ಆರತೊಡಗಿತ್ತು, ಅಷ್ಟು ಹೊತ್ತಾಗಿತ್ತು.

"ಕರೀಬಾರದೇನ್ರಿ ಅತ್ತಿ?"

"ಹೆಂಗ ಕರೀಲಿ? ನಾ ಚಲೋ ನಡೀತೇನಂತಲ್ಲ."

ಅವತ್ತೇ ದಾಂಡೇಲಿಗೆ ಕರೆದುಕೊಂಡು ಹೋದೆ. ಗಂಡನೂ ಬಂದರು. ಪಟ್ಟಿ ನಾನೇ ಕಟ್ಟಿಕೊಂಡಿದ್ದನ್ನು ಎಲ್ಲರ ಮುಂದೆ ಹೇಳಿದೆ. ಡಾಕ್ಟರು ಸಿಟ್ಟಾಗಲಿಲ್ಲ. ಆಗಿದ್ದರೆ ಹಗುರಾಗುತ್ತಿತ್ತು. "ಖಾಲಿ ಬಿಟ್ಟಿದ್ರ ನಮಗ ಗೊತ್ತಾಗ್ತಿತ್ರಿ, ಮುಂಜಾನಿ ಹಾಕ್ಕೊಂಡಿಲ್ಲ ಅಂತ. ಕೇಳ್ತಿದ್ವಿ," ಎಂದಷ್ಟೇ ಹೇಳಿ ಮತ್ತೆ ಪಟ್ಟಿ ಕೊಟ್ಟರು. ದಾರಿಯುದ್ದಕ್ಕೂ ಗಂಡ ಕಿಟಕಿಯಾಚೆ ನೋಡುತ್ತಿದ್ದರು. ತಾಯಿಯನ್ನು ನೋಡಿ ನಕ್ಕದ್ದು ಅವರಿಗೂ ನೆನಪಾಗಿರಬೇಕು.

ಮರುದಿನ ಸ್ನಾನ ಮುಗಿಸಿದ ಅತ್ತೆ ಪೂಜೆಗೆ ಹೋಗುವ ಬದಲು ಕುರ್ಚಿಯಲ್ಲಿ ಕೂತು ಕಾಲು ಚಾಚಿದರು.

"ಕಟ್ಟವಾ. ದೇವರಿಗೆ ನಾ ಹೇಳ್ಕೋತೇನಿ."

ಬಗ್ಗಿ ಕಟ್ಟುತ್ತಿದ್ದಾಗ ತಲೆಯ ಮೇಲಿಂದ ಮೆಲ್ಲಗೆ ಕೇಳಿಸಿತು, "ಇವತ್ತು ಪಟ್ಟಿ ತಣ್ಣಗೈತಿ. ಆವಾಗ ದಿನಾ ಬೆಚ್ಚಗಿರ್ತಿತ್ತು."

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮಗನ ನಗೆ ನುಂಗಿಕೊಂಡು, ಡಾಕ್ಟರ ಮುಂದೆ ನನ್ನ ಹೆಸರು ಎತ್ತದೆ ಕೂತಿದ್ದರು. ನಾನು ತಲೆ ಎತ್ತಲಿಲ್ಲ. ಸರಿಯಾಗಿ ಕೂತಿದ್ದ ಪಟ್ಟಿಯನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದೆ.