ಬೆನ್ನು ಹಾಕಿ ನಿಂತವನು

ಅನುಮಾನ ಪಡುವುದಕ್ಕೇ ರೂಪೇಶನಿಗೆ ಸೌದಿಯ ದಮ್ಮಾಮಿನಲ್ಲಿ ಸಂಬಳ ಕೊಡುತ್ತಿದ್ದರು. ಗೋದಾಮಿನ ಗೇಟಿನಲ್ಲಿ ನಿಂತು ಹೋಗುವವರ, ಬರುವವರ ಚೀಲ ತಡವಿ ನೋಡುವುದು ಅವನ ಕೆಲಸ. ಅದನ್ನು ಬಿಟ್ಟು ಮಂಗಳೂರಿನ ಕಾವೂರಿನ ಮನೆಗೆ ಬಂದು ಕೂತರೂ ಚಾಳಿ ಬಿಡಬೇಕಲ್ಲ! ಹಾಲು ತರುವವನ ಮೇಲೆ ಅನುಮಾನ. ಪಕ್ಕದ ಮನೆಯ ನಾಯಿ ನಮ್ಮ ಗೇಟನ್ನೇ ಯಾಕೆ ನೋಡುತ್ತದೆ ಎಂದು ಅನುಮಾನ. ಹೆಂಡತಿ ಭವ್ಯಶ್ರೀಯೊಬ್ಬಳು ಮಾತ್ರ ಪಾರಾಗಿದ್ದಳು.

ಅವಳ ಸರದಿಯೂ ಬಂತು. ಅವಳು ಭಾನುವಾರ ಕಂಕನಾಡಿಯಲ್ಲಿ ಚಿತ್ರ ಕಲಿಯುವ ಕ್ಲಾಸಿಗೆ ಹೋಗುತ್ತಿದ್ದಳು. ಬಂದಾಗ ಉಗುರಿನ ಸಂದಿಯಲ್ಲೆಲ್ಲ ಮಸಿ. ಅಡುಗೆಮನೆಯಿಂದ ಚಹಾದ ಡಿಕಾಕ್ಷನ್, ಅರಸಿನ, ಗುಡಿಸುವ ಹಿಡಿಸೂಡಿಯ ಕಡ್ಡಿ ಒಂದೊಂದಾಗಿ ಮಾಯ. ಇದೆಂಥ ಚಿತ್ರವಪ್ಪ ಎಂದು ಅವನು ಒಂದು ದಿನ ಕಪಾಟಿನ ಮೇಲಿದ್ದ ಕಾಗದದ ಸುರುಳಿ ಬಿಚ್ಚಿದ.

ಎಲ್ಲ ಹಾಳೆಗಳಲ್ಲೂ ಒಬ್ಬನೇ ಗಂಡಸು, ಬೆನ್ನು ಹಾಕಿ ನಿಂತವನು. ಬಲ ಹೆಗಲು ತುಸು ಇಳಿದಿದೆ, ಕುತ್ತಿಗೆ ಎಡಕ್ಕೆ ವಾಲಿದೆ. ಒಂದರಲ್ಲಿ ಇದ್ದಿಲು ಉಜ್ಜಿದ್ದಾಳೆ, ಇನ್ನೊಂದರಲ್ಲಿ ಚಹಾ ಬಳಿದಿದ್ದಾಳೆ, ಮತ್ತೊಂದರಲ್ಲಿ ಕಡ್ಡಿಯನ್ನು ಶಾಯಿಗೆ ಅದ್ದಿ ಗೀರಿದ್ದಾಳೆ. ಮುಖ ಎಲ್ಲೂ ಇಲ್ಲ. ಗುರುತು ಸಿಗಬಾರದೆಂದೇ ಬಿಟ್ಟಿದ್ದಾಳೆ ಎಂದು ರೂಪೇಶ ತೀರ್ಮಾನಿಸಿದ. ಅವಳನ್ನೇ ಕೇಳಿಬಿಡಬಹುದಿತ್ತು. ಹೌದು ಎಂದುಬಿಟ್ಟರೆ? ಇಷ್ಟು ವರ್ಷ ದುಡಿದು ಬಂದದ್ದೇ ಅವಳ ಜೊತೆ ಇರಲಿಕ್ಕೆ.

"ಈ ಸಲ ನಾನೂ ಬರ್ತೇನೆ ಕ್ಲಾಸಿಗೆ," ಎಂದ.

"ನಿಮಗೆ ಎಂತಕ್ಕೆ ಮಾರಾಯ್ರೆ ಅದೆಲ್ಲ?"

"ಸುಮ್ನೆ. ಮನೆಯಲ್ಲಿ ಕೂತು ಬೋರಾಗ್ತದೆ."

ಕ್ಲಾಸಿನಲ್ಲಿದ್ದ ಗಂಡಸರು ಇಬ್ಬರೇ. ಬೇಕರಿ ಮುಚ್ಚಿ ಆರಾಮಾಗಿದ್ದ ಜೊಕಿಮ್, ಇನ್ಶೂರೆನ್ಸ್ ಕಂಪನಿಯ ಪೃಥ್ವಿರಾಜ್. ನೀರು ಕುಡಿಯುವ ನೆಪದಲ್ಲಿ ರೂಪೇಶ ಇಬ್ಬರ ಹಿಂದೆಯೂ ಹಾದುಬಂದ. ಜೊಕಿಮನದು ಅಕ್ಕಿಮೂಟೆಯಂಥ ಬೆನ್ನು, ಪೃಥ್ವಿರಾಜನಿಗೆ ಹೆಗಲೇ ಇಲ್ಲ. ಹಾಗಾದರೆ ಆಸಾಮಿ ಹೊರಗಿನವನು.

ಟೀಚರ್ ಟಾನ್ಯಾ ಅವನ ಕೈಗೂ ಇದ್ದಿಲಿನ ಕಡ್ಡಿ ಕೊಟ್ಟಳು. "ಒತ್ತಿ ಎಳೆದ್ರೆ ವಸ್ತು ಹತ್ತಿರ ಬರ್ತದೆ. ಹಗುರ ಎಳೆದ್ರೆ ದೂರ. ಬೆರಳಲ್ಲಿ ಉಜ್ಜಿ ನೋಡಿ, ಇನ್ನೂ ದೂರ ಹೋಗ್ತದೆ."

ನಂಬಿಕೆಯಿಲ್ಲದೆಯೇ ಒಂದು ಚೆಂಬು ಬರೆದ. ಒತ್ತಿದ, ಚೆಂಬು ನಿಜಕ್ಕೂ ಮುಂದೆ ಬಂತು. ಉಜ್ಜಿದ, ಹಿಂದೆ ಸರಿಯಿತು. ಕಾಗದದಲ್ಲೇ ಏನೋ ಮೋಸವಿದೆಯೆಂದು ತಿರುಗಿಸಿ ನೋಡಿದ. ಆಗ ನೆನಪಾಯಿತು, ಆ ಸುರುಳಿಯಲ್ಲಿ ಹಾಳೆಯಿಂದ ಹಾಳೆಗೆ ಗೆರೆ ತೆಳ್ಳಗಾಗುತ್ತ ಹೋಗಿತ್ತು. ಅಂದರೆ ಆ ಮನುಷ್ಯ ಅವಳನ್ನು ಬಿಟ್ಟು ದೂರ ಹೋಗುತ್ತಿದ್ದಾನೆ. ಬಿಟ್ಟುಹೋದವನ ಮೇಲೆ ಇಷ್ಟೊಂದು ಆಸೆಯೇ!

ಎದ್ದು ಕಿಟಕಿಯ ಬಳಿ ನಿಂತು, ಕೆಳಗೆ ರಸ್ತೆಯಲ್ಲಿ ಯಾರಾದರೂ ಕಾಯುತ್ತಿದ್ದಾರೋ ಎಂದು ಕಣ್ಣಿಟ್ಟ.

"ಹಾಗೇ ನಿಲ್ಲಿ, ಅಲ್ಲಾಡ್ಬೇಡಿ," ಎಂದಳು ಟಾನ್ಯಾ. "ಎಲ್ಲರೂ ಇವರನ್ನು ಬರೀರಿ."

ಸಾಕೆಂದ ಮೇಲೆ ತಿರುಗಿ ನೋಡಿದರೆ ಜೊಕಿಮನ ಹಾಳೆಯಲ್ಲಿ ಅದೇ ಗಂಡಸು. ಇಳಿದ ಬಲ ಹೆಗಲು, ಎಡಕ್ಕೆ ವಾಲಿದ ಕುತ್ತಿಗೆ. ರೂಪೇಶ ಅದರ ಮೇಲೆ ಬೆರಳಿಟ್ಟ.

"ಇದು ಯಾರು?"

"ಯಾರು ಅಂತ ಕೇಳ್ತೀರಲ್ಲ ಮಾರಾಯ್ರೆ. ನೀವೇ," ಎಂದ ಜೊಕಿಮ್.

ಮನೆಗೆ ಹೊರಟಾಗ ಪಂಪ್‌ವೆಲ್‌ನಲ್ಲಿ ಬಸ್ಸುಗಳ ನಡುವೆ ಸ್ಕೂಟರ್ ಸಿಕ್ಕಿಕೊಂಡಿತು. ಹಿಂದೆ ಕೂತ ಭವ್ಯಶ್ರೀಯನ್ನು ಅವನು ಮೆಲ್ಲಗೆ ಕೇಳಿದ. "ಕಪಾಟಿನ ಮೇಲೆ ಉಂಟಲ್ಲ, ಅದು ನಾನಾ?"

"ಮತ್ತೆ ಯಾರು ಅಂತ ಗ್ರಹಿಸಿದ್ರಿ?"

ಅವನು ಸ್ಕೂಟರಿನ ಕನ್ನಡಿ ಸರಿಪಡಿಸಿದ. ಉತ್ತರ ಅವಳಿಗೆ ಗೊತ್ತಾಯಿತು. ಹೇಳಿದಳು: "ರಜೆ ಮುಗಿಸಿ ಹೋಗುವಾಗ ಏರ್‌ಪೋರ್ಟಿನ ಬಾಗಿಲಲ್ಲಿ ನನಗೆ ಕಾಣ್ತಿದ್ದದ್ದು ಅಷ್ಟೇ. ಒಮ್ಮೆಯಾದ್ರೂ ತಿರುಗಿ ನೋಡಿದ್ದುಂಟಾ ನೀವು?"

ನೋಡಿರಲಿಲ್ಲ. ಟ್ರಾಲಿಯ ಮೇಲಿನ ಪೆಟ್ಟಿಗೆಯನ್ನು ಯಾರಾದರೂ ಎಗರಿಸಿಯಾರೆಂದು ಅವನ ಕಣ್ಣು ಯಾವಾಗಲೂ ಅದರ ಮೇಲೇ ಇತ್ತು. ಅದನ್ನು ಹೇಳಲು ನಾಚಿಕೆಯಾಯಿತು.

"ಮುಖ ಯಾಕೆ ಬರೀಲಿಲ್ಲ?"

"ನೋಡಿದೆ ಬರೆದು. ನೆನಪಿನಿಂದ ಬರ್ಲಿಲ್ಲ."

ಹಿಂದಿನ ಬಸ್ಸಿನವನು ಹಾರ್ನ್ ಬಾರಿಸುತ್ತಲೇ ಇದ್ದ. ರೂಪೇಶ ಹೇಗೋ ನುಸುಳಿ, ಒಂದು ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಇಳಿದು, ಅವಳ ಕಡೆ ತಿರುಗಿ ನಿಂತ.

"ಈಗ ನೋಡು."

ಭವ್ಯಶ್ರೀ ನೋಡಿದಳು.

"ಹೆಲ್ಮೆಟ್ ತೆಗೀರಿ," ಎಂದಳು.