ಅತ್ತೆ ಹೇಳಿದ ನನ್ನ ತಲೆನೋವು

ಈಗಲೂ ಫಿನಾಯಿಲ್ ವಾಸನೆ ಬಂದರೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಎರಡನೇ ಮಹಾಯುದ್ಧದ ವರ್ಷಗಳವು. ಮಗಳಿಗೆ ನಾಲ್ಕು ತಿಂಗಳು. ಪುಣೆಯ ಆಸ್ಪತ್ರೆಯೊಂದರ ಅಂಟುರೋಗದ ಕೋಣೆಯಲ್ಲಿ ನನ್ನನ್ನು ಮಲಗಿಸಿದ್ದರು. ಗೋಡೆಗೆ ಯಾರದೋ ವಾಂತಿ ಒಣಗಿ ಅಂಟಿತ್ತು. ಅದನ್ನು ನೋಡುತ್ತಲೇ ಎದೆಹಾಲು ಹಿಂಡಿ ಬೂದಿ ತುಂಬಿದ ಡಬ್ಬಿಗೆ ಸುರಿಯಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಹುಳಿಹುಳಿಯಾಗಿ ನಾರುತ್ತಿತ್ತು. ಮಗಳು ಸದಾಶಿವ ಪೇಠದಲ್ಲಿ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ, ನಾದಿನಿಯ ಮಡಿಲಲ್ಲಿ ಬಾಟಲಿ ಹಾಲು ಕುಡಿಯುತ್ತಿದ್ದಳು.

ತಲೆ ಸಿಡಿಯುವಂಥ ನೋವು, ಜ್ವರ, ವಾಂತಿ. ಡಾಕ್ಟರು ನನ್ನ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ಅದರಲ್ಲಿ ಬಿಳಿ ಕಣಗಳು ವಿಪರೀತ ಇದ್ದವಂತೆ. ಮಿದುಳು ಪೊರೆಯ ಜ್ವರ, ಕೂಸನ್ನು ಮುಟ್ಟಕೂಡದು ಎಂದರು. ಮೂರೇ ದಿನಕ್ಕೆ ಎದ್ದು ಕುಳಿತೆ. ಮನೆಗೆ ಹೋದರೂ ಹದಿನೈದು ದಿನ ಕೂಸು ದೂರ. ಆ ಗಡುವು ಮುಗಿಯುವ ಮೊದಲೇ ನೋವು ಮತ್ತೆ ಬಂತು. ಹೀಗೆ ಒಂದೂವರೆ ತಿಂಗಳಲ್ಲಿ ಮೂರು ಸಲ.

ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ನನ್ನ ಅತ್ತೆ. ಧಾರವಾಡ ಕಡೆಯ ನಮ್ಮ ಮನೆತನದಲ್ಲಿ ಸೊಸೆ ಪರಗಂಡಸಿನೆದುರು ಬಾಯಿ ತೆರೆಯುವ ಹಾಗಿರಲಿಲ್ಲ. ನಾನು ಸೆರಗೆಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಬೇಕು, ಅವರು ನನ್ನ ರೋಗ ಹೇಳಬೇಕು. ಜ್ವರ, ವಾಂತಿ ಎಲ್ಲ ಹೇಳುವರು. ಕೈ ಜೋಮು ಹಿಡಿಯುವುದನ್ನೂ ಮಾತು ನಿಲ್ಲುವುದನ್ನೂ ಮಾತ್ರ ನುಂಗಿಬಿಡುವರು. ಸೊಸೆಗೆ ಗಾಳಿ ಸೋಕಿದೆ ಎಂದು ವಾಡೆಯವರು ಆಡಿಕೊಂಡಾರೆಂಬ ಭಯ. ಆ ಮಾನ ಮರ್ಯಾದೆ ನೆನೆದರೆ ನನಗೆ ಅಸಹ್ಯವಾಗುತ್ತದೆ. ಬಾಯಿ ಮುಚ್ಚಿಕೊಂಡು ಬಿದ್ದಿದ್ದ ನನ್ನನ್ನು ನೆನೆದರೆ ಇನ್ನೂ ಹೆಚ್ಚು.

ಡಾಕ್ಟರು ಬೆಳಗಾವಿಯವರು. ಮೂರನೇ ಸಲದ ನೀರಿನಲ್ಲೂ ರೋಗಾಣು ಸಿಗದೆ ಬೇಸತ್ತು ಅತ್ತೆಗೆ ಹೇಳಿದರು: “ಅವ್ವಾರ, ನೀವು ಸ್ವಲ್ಪ ಹೊರಗ ಕೂಡ್ರಿ.” ಆಮೇಲೆ ನನ್ನ ಕಡೆ ತಿರುಗಿದರು. “ತಂಗೀ, ಮೊದಲ ಏನಾಗ್ತದ? ನೀವ ಹೇಳ್ರಿ.”

“ಕಣ್ಮುಂದ ಬೆಳಕು ಕುಣೀತದ್ರಿ. ಆಮ್ಯಾಲ ಬಲಗೈ ಜೋಮು ಹಿಡೀತದ, ಮಾತು ಬರೂದಿಲ್ಲ. ತಾಸು ಬಿಟ್ಟು ತಲಿ ನೋಯ್ತದ.”

“ಮೂರೂ ಸಲ ಹಿಂಗ ಆತೇನು?”

“ಹೌದ್ರಿ.”

“ಮೊದಲ ಯಾಕ ಹೇಳಲಿಲ್ಲ?”

“ನನ್ನ ಯಾರೂ ಕೇಳಲಿಲ್ರಿ.”

ಅವರು ನನ್ನ ಕಾಗದಗಳನ್ನು ಮೊದಲಿನಿಂದ ತಿರುವಿ ನೋಡಿದರು. “ಇದು ಆ ಜ್ವರ ಅಲ್ಲ. ಹಂಗ ಕಾಣೋ ಬ್ಯಾರೆ ತಲಿನೋವು, ಭಾಳ ಅಪರೂಪದ್ದು. ಹೆಸರು ನನಗೂ ಗೊತ್ತಿಲ್ಲ. ಅಂಟೂದಿಲ್ಲ, ತಾನ ಬಿಟ್ಟು ಹೋಗ್ತದ. ಮನೀಗೆ ಹೋಗಿ ಕೂಸಿಗೆ ಹಾಲು ಕುಡಸ್ರಿ.”

ಟಾಂಗಾದಲ್ಲಿ ಅತ್ತೆ ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡಿದ್ದರು. “ಗಂಡಸಿನ ಮುಂದ ಎಷ್ಟು ಮಾತಾಡಿದಿ” ಎಂದರು, ಅಷ್ಟೇ.

ಮನೆಗೆ ಬಂದವಳು ಫಿನಾಯಿಲ್ ವಾಸನೆ ಹೋಗಲೆಂದು ಸೀಗೆಪುಡಿ ಹಚ್ಚಿ ಎರಡೆರಡು ಸಲ ಮೈ ತಿಕ್ಕಿಕೊಂಡೆ. ನಾದಿನಿಯ ಕೈಯಿಂದ ಮಗಳನ್ನು ಎತ್ತಿಕೊಂಡು ಎದೆಗೆ ಹಚ್ಚಿದೆ. ಅವಳು ಒಮ್ಮೆ ಮೂಸಿದಳು. ತುಟಿ ಸೊಟ್ಟ ಮಾಡಿ, ಮೂಗು ಮುರಿದು, ನಾದಿನಿಯ ಕಡೆ ಕೈ ಚಾಚಿ ಅಳತೊಡಗಿದಳು. ಆಸ್ಪತ್ರೆಯ ಗೋಡೆಯ ವಾಂತಿ ನೋಡಿ ನಾನು ಮಾಡುತ್ತಿದ್ದ ಮುಖವೇ ಅದು.