ಹೊಳೆದಂಡೆಯ ಮನೆಗೆ ಮೂರನೆಯ ಕೀಲಿಕೈ

ಚಿಕ್ಕೋಡಿಯ ಕೋರ್ಟಿನಲ್ಲಿ ನಾನು ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದೆ. ಸಾಕ್ಷಿಗಳು ಹೇಳಿದ್ದನ್ನೆಲ್ಲ ಟೈಪು ಮಾಡಿ ಮಾಡಿ, ಯಾರು ಏನು ಹೇಳಿದರೂ ಅದರ ಹಿಂದೆ ಇನ್ನೊಂದು ಮಾತು ಇರಬೇಕೆಂದು ಹುಡುಕುವುದು ಅಭ್ಯಾಸವಾಗಿಹೋಗಿತ್ತು. ನಿವೃತ್ತಿಯಾದ ಮೇಲೆ ಅದನ್ನೆಲ್ಲ ಬಿಟ್ಟು ಕೃಷ್ಣೆಯ ದಂಡೆಗೆ ಹೋಗಿ ಇರಬೇಕೆಂದು ಆಸೆಪಟ್ಟೆ. ಇದ್ದದ್ದು ನಾನೊಬ್ಬಳೇ. ಒಂದು ಒಲೆ, ನಾಲ್ಕು ಪಾತ್ರೆ, ಹಿತ್ತಲಲ್ಲಿ ಒಂದಿಷ್ಟು ಬದನೆ ಗಿಡ ಸಾಕೆನಿಸಿತ್ತು. ಜುಗೂಳದಲ್ಲಿ ಹೊಳೆಗೆ ಹತ್ತಿರದ ಸಣ್ಣ ಮನೆಯೊಂದು ಸಿಕ್ಕಿತು. ಮಾರಿದವರು ಎರಡು ಕೀಲಿಕೈ ಕೈಗಿಟ್ಟು, "ಇವೆರಡ ಅದಾವ್ರಿ" ಎಂದು ಹೇಳಿ ಹೋದರು.

ಊರು ನನ್ನನ್ನು ನಂಬಲಿಲ್ಲ. ಘಾಟಿನಲ್ಲಿ ಬಟ್ಟೆ ಒಗೆಯುವ ಹೆಂಗಸರು ನಾನು ಕಂಡೊಡನೆ ಕನ್ನಡ ಬಿಟ್ಟು ಮರಾಠಿಗೆ ಹೊರಳುತ್ತಿದ್ದರು. ನನಗೆ ಮರಾಠಿಯೂ ಬರುತ್ತದೆಂದು ಗೊತ್ತಾದ ದಿನದಿಂದ ಮಾತೇ ನಿಂತುಹೋಯಿತು. ಹಾಲು ಕೊಡುವಾಕೆ ಮಾತ್ರ ಒಂದು ದಿನ ನೇರವಾಗಿ ಕೇಳಿದಳು.

"ಬಾಯಾರ, ನೀವು ಸರ್ಕಾರದ ಕಡಿಂದ ಬಂದೀರೇನ್ರಿ?"

"ಇಲ್ಲವ್ವಾ, ಇಲ್ಲೇ ಇರಾಕ ಬಂದೀನಿ."

"ಇರಾಕ?" ಅವಳು ನಕ್ಕಳು. "ಇಲ್ಲಿದ್ದಾವ್ರ ಎತ್ತರಕ್ಕ ಹೋಗಾಕತ್ತಾರ. ನೀವು ಹೊಳಿ ಬಾಜೂಕ ಇರಾಕ ಬಂದೀರಿ?"

ಅವಳ ಅನುಮಾನಕ್ಕೆ ಕಾರಣವಿತ್ತು. ಮಹಾಪೂರ ಬಂದುಹೋದಾಗಿನಿಂದ, ದಂಡೆಯ ಮನೆಗಳನ್ನು ಎಬ್ಬಿಸಿ ಜನರನ್ನು ಎತ್ತರದ ಜಾಗಕ್ಕೆ ಕಳಿಸುತ್ತಾರೆಂಬ ಸುದ್ದಿ ಊರಲ್ಲಿ ಓಡಾಡುತ್ತಲೇ ಇತ್ತು. ಯಾರಾದರೂ ವಹಿ, ಪೆನ್ನು ಹಿಡಿದುಕೊಂಡು ತಿರುಗಿದರೆ ಮನೆಗಳ ಪಟ್ಟಿ ಮಾಡುತ್ತಿದ್ದಾರೆಂದೇ ಅರ್ಥ. ನಾನೋ ದಿನಾ ಬೆಳಿಗ್ಗೆ ವಹಿ ಹಿಡಿದು ಘಾಟಿಗೆ ಹೋಗಿ, ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತವೆಂದು ಎಣಿಸಿ ಬರೆದುಕೊಳ್ಳುತ್ತಿದ್ದೆ. ಏನನ್ನೂ ಬರೆಯದೆ ದಿನ ಕಳೆಯುವುದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಮಳೆಗಾಲದ ಆರಂಭದಲ್ಲಿ ಒಂದು ದಿನ ಸಂತೆಯಿಂದ ಬಂದು ನೋಡಿದರೆ, ಮೇಜಿನ ಮೇಲಿನ ವಹಿ ಬೋರಲಾಗಿ ಬಿದ್ದಿತ್ತು. ನಾನು ಹಾಗೆ ಇಡುವವಳಲ್ಲ. ಬೀಗ ಹಾಕಿದಂತೆಯೇ ಇತ್ತು. ಮುಂದಿನ ಸಲ ಹೊರಗೆ ಹೋಗುವಾಗ, ಕೋರ್ಟಿನಲ್ಲಿ ಯಾವುದೋ ಸಾಕ್ಷಿ ಹೇಳಿದ್ದನ್ನು ನೆನಪಿಸಿಕೊಂಡು, ಹೊಸ್ತಿಲ ಒಳಗೆ ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿದೆ. ಬಂದು ನೋಡಿದರೆ ಅದರಲ್ಲಿ ಬರಿಗಾಲಿನ ಗುರುತು. ಸಣ್ಣ ಪಾದ, ಹೆಂಗಸಿನದು. ಏನೂ ಕಳುವಾಗಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಹಾಲಿನವಳೇ, ಘಾಟಿನ ಹೆಂಗಸರೇ, ಪಕ್ಕದ ಮನೆಯ ಜೈನರ ಆಯಿಯೇ? ಆಯಿಗೆ ಎಪ್ಪತ್ತು ದಾಟಿತ್ತು. ಗೋಡೆಯ ಆಚೆಯಿಂದ ನನ್ನನ್ನು ನೋಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಅಂದಿನಿಂದ ಯಾರು ಯಾವಾಗ ನನ್ನ ಮನೆಯ ಕಡೆ ನೋಡಿದರೆಂಬುದೂ ವಹಿಗೆ ಸೇರಿತು.

ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾಯಿತು. ಘಾಟಿನ ಮೆಟ್ಟಿಲುಗಳು ಒಂದೊಂದಾಗಿ ಮುಳುಗತೊಡಗಿದವು. ಆ ವಾರದಲ್ಲೇ ಒಂದು ದಿನ ನಾನು ಹೊಸ ಬೀಗ ತರಲು ಚಿಕ್ಕೋಡಿಗೆ ಹೋದೆ. ಮಧ್ಯಾಹ್ನ ತಿರುಗಿ ಬಂದು ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟೆ. ಮನೆ ಖಾಲಿಯಾಗಿತ್ತು. ಜೋಳದ ಚೀಲ, ಟ್ರಂಕು, ಹಾಸಿಗೆ, ಬಟ್ಟೆ ಯಾವುದೂ ಇಲ್ಲ. ಕೂಗಬೇಕೆಂದು ಬಾಯಿ ತೆರೆದು ತಲೆಯೆತ್ತಿದರೆ ಎಲ್ಲ ಅಟ್ಟದ ಮೇಲಿದ್ದವು. ಮೇಜು ಬಿಟ್ಟರೆ ನೆಲದ ಮೇಲೆ ಉಳಿದದ್ದು ಉಳ್ಳಾಗಡ್ಡಿಯ ಬುಟ್ಟಿ ಒಂದೇ.

ಉಳ್ಳಾಗಡ್ಡಿ ಮುಟ್ಟದವರು ಈ ಓಣಿಯಲ್ಲಿ ಒಬ್ಬರೇ, ಜೈನರ ಆಯಿ. ಚೀಲದಲ್ಲಿದ್ದ ಹೊಸ ಬೀಗದ ಸಮೇತ ಪಕ್ಕದ ಮನೆಗೆ ಹೋದೆ. ಆಯಿ ಪಡಸಾಲೆಯಲ್ಲಿ ಕುಳಿತು ಕಾಳು ಹಸನು ಮಾಡುತ್ತಿದ್ದರು.

"ಆಯೀ, ನಮ್ಮ ಮನಿಯೊಳಗ ಬಂದಿದ್ರೇನ್ರಿ?"

"ಬಂದಿದ್ನಿರಿ. ಸೊಸಿನೂ ಕರಕೊಂಡ ಬಂದಿದ್ನಿ. ಆ ಚೀಲ ನನಗೊಬ್ಬಾಕಿಗೆ ಏಳತೈತೇನ್ರಿ?"

"ಕೀಲಿಕೈ ಎಲ್ಲಿಂದ ಬಂತು?"

"ನಿಮಗ ಮನಿ ಕೊಟ್ಟಾವ್ರು ಮೊದಲಿಂದ ನನ್ನ ಕಡೇನ ಒಂದ ಇಟ್ಟಿದ್ರು. ಹೊಳಿ ದಂಡಿ ಮನೀದು ಒಂದ ಕೀಲಿಕೈ ಬಾಜೂ ಮನ್ಯಾಗ ಇರಬೇಕ್ರಿ. ನೀರ ಕೇಳಿ ಬರತೈತೇನು?"

ಕೋರ್ಟಿನ ಬುದ್ಧಿ ಸುಮ್ಮನಿರಲಿಲ್ಲ. "ಇದಕ್ಕಿಂತ ಮೊದಲೂ ಬಂದಿದ್ರಿ."

ಆಯಿಯ ಕೈ ಮೊರದ ಮೇಲೆ ನಿಂತಿತು. ಒಳಗಿಂದ ಬಂದ ಸೊಸೆ ಅತ್ತೆಯ ಮುಖ ನೋಡಿದಳು. ಅವಳಿಗೆ ಇದು ಗೊತ್ತಿರಲಿಲ್ಲ.

"ಹೌದ್ರಿ, ಎರಡ ಸಲ," ಎಂದರು ಆಯಿ. "ನೀವು ಏನ ಬರೀತೀರಿ ನೋಡಾಕ. ನಾ ಕಲತಿದ್ದು ಮರಾಠಿ ಸಾಳ್ಯಾಗ, ಕನ್ನಡ ಅಕ್ಷರ ಬರೂದಿಲ್ಲ. ಅಂಕಿ ಅಷ್ಟ ಕಂಡ್ವು. ನಮ್ಮ ಮನಿ ನಂಬರ ಐತೇನಂತ ಹುಡಿಕಿದ್ನಿ."

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಮನೆಗೆ ಹೋಗಿ ವಹಿ ತಂದು ಅವರ ಎದುರು ಕುಳಿತು ಓದಿದೆ. ಸೋಮವಾರ ಹನ್ನೊಂದು ಮೆಟ್ಟಿಲು. ಮಂಗಳವಾರ ಹತ್ತು. ಬುಧವಾರ ಏಳು. ನಡುವೆ ಒಂದು ಸಾಲು ಬಿಟ್ಟು ಮುಂದೆ ಹೋದೆ. ಬೆನ್ನ ಹಿಂದೆ ಬಗ್ಗಿ ನಿಂತಿದ್ದ ಸೊಸೆಗೆ ಕನ್ನಡ ಓದಲು ಬರುತ್ತಿತ್ತು.

"ಇದ್ಯಾಕ ಬಿಟ್ರಿ?" ಎಂದವಳೇ ಗಟ್ಟಿಯಾಗಿ ಓದಿದಳು. "'ಪಕ್ಕದ ಮನೆಯ ಮುದುಕಿ ಬೆಳಿಗ್ಗೆಯಿಂದ ಮೂರು ಸಲ ಇಣುಕಿದಳು. ಲಕ್ಷಣ ಸರಿಯಿಲ್ಲ.'"

ಆಯಿ ಮೊರದಿಂದ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದರು. ಆಮೇಲೆ, "ಮೂರಲ್ಲ, ನಾಕ ಸಲ," ಎಂದರು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಎರಡು ದಿನಕ್ಕೆ ನೀರು ನಮ್ಮ ಹಿತ್ತಲಿಗೆ ಬಂತು. ಅವರ ಎಮ್ಮೆಗಳ ಹಗ್ಗ ಹಿಡಿದು ನಾನೂ ಅವರೊಡನೆ ಎತ್ತರದ ಶಾಲೆಗೆ ನಡೆದೆ. ಐದು ದಿನ ಒಂದೇ ಕೋಣೆಯಲ್ಲಿದ್ದೆವು. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆ ಆಯಿಯ ಜೊತೆ ನನ್ನ ಊಟವೂ ಆಗಿಬಿಡುತ್ತಿತ್ತು. ತಿರುಗಿ ಬಂದಾಗ ಮನೆಯೊಳಗೆ ಮೊಣಕಾಲು ಮಟ್ಟದ ಕೆಸರಿತ್ತು, ಬದನೆ ಗಿಡಗಳ ಸುಳಿವಿರಲಿಲ್ಲ. ಅಟ್ಟದ ಮೇಲಿನದು ಒಂದೂ ನೆನೆದಿರಲಿಲ್ಲ. ಕೆಸರು ಬಳಿದು ತೊಳೆದ ಮೇಲೆ ಹೊಸ ಬೀಗ ಹಾಕಿ, ಅದರ ಒಂದು ಕೀಲಿಕೈಯನ್ನು ಆಯಿಗೆ ಕೊಟ್ಟೆ. ಅವರು ಅದನ್ನು ಬೀಗಕ್ಕೆ ಹಾಕಿ ತಿರುಗಿಸಿ ನೋಡಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೊನ್ನೆ ಮೋಟರ್ ಸೈಕಲ್ಲಿನಲ್ಲಿ ಯಾರೋ ಒಬ್ಬರು ಬಂದು, ದಂಡೆಯ ಮೇಲೆ ನಿಂತು ನಮ್ಮ ಮನೆಗಳ ಫೋಟೋ ತೆಗೆಯುತ್ತಿದ್ದರು. ಆಯಿ ನನ್ನನ್ನು ಗೋಡೆಯ ಹತ್ತಿರ ಕರೆದರು.

"ಯಾರ್ರಿ ಅಂವ?"

"ಗೊತ್ತಿಲ್ರಿ ಆಯಿ."

"ಹೋಗಿ ಕೇಳ್ರಿ. ನಿಮಗ ಕೋರ್ಟಿನ ಮಾತ ಬರತಾವು."

ಇಳಿದು ಹೋಗಿ ಯಾವೂರು, ಏನು ಕೆಲಸ ಎಂದು ಕೇಳಿದೆ. ಸತ್ತಿ ಎಂಬ ಊರಿನವರಂತೆ, ಹೊಳೆ ಚೆಂದ ಕಂಡಿತೆಂದು ಸುಮ್ಮನೆ ನಿಂತರಂತೆ. ಮೇಲೆ ಬಂದು ಆಯಿಗೆ ಹೇಳಿದೆ. ಇಬ್ಬರೂ ನಂಬಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದೆವು.